ದಮ್ಮು ಕಟ್ಟಿದರೆ ‘ವಯಸ್ಸಾಯ್ತು’ ಅಂತ ಸುಮ್ಮನಿರಬೇಡಿ
(ಇಬ್ರಿಯ ಆರೋಗ್ಯ ಶಿಬಿರದಲ್ಲಿ ಹಿರಿಯರಿಗಾಗಿ ಆಡಿದ ಮಾತು)

ಮಕ್ಕಳು, ಮೊಮ್ಮಕ್ಕಳನ್ನು ನೋಡಲು ಬಂದವರು ಇಲ್ಲಿ ಒಂಟೆಯನ್ನೂ ನೋಡಿರುತ್ತೀರಿ. ಅದರ ಮೂಗಿನಿಂದಲೇ ಶುರು ಮಾಡೋಣ.

ಒಂಟೆಯ ಮೂಗಿನೊಳಗೆ ಸುರುಳಿ ಸುತ್ತಿದ ತೆಳು ಮೂಳೆಗಳಿವೆ, ಅವುಗಳ ಮೇಲೆ ಒದ್ದೆ ಪೊರೆ. ಹೊರಗೆ ಹೋಗುವ ಉಸಿರಿನ ತೇವವನ್ನು ಈ ಪೊರೆ ಹಿಡಿದಿಟ್ಟುಕೊಳ್ಳುತ್ತದೆ. ಮರಳು ಎದ್ದರೆ ಹೊಳ್ಳೆಯನ್ನೇ ಮುಚ್ಚಿಕೊಳ್ಳುತ್ತದೆ. ನಮಗೆ ಹೊಳ್ಳೆ ಮುಚ್ಚಲು ಬಾರದು. ಆದರೆ ಗಾಳಿಯನ್ನು ಸೋಸಿ, ತೇವ ಮಾಡಿ ಒಳಗೆ ಕಳಿಸುವುದು ನಮ್ಮ ಮೂಗಿಗೂ ಗೊತ್ತು. ಎ.ಸಿ. ಕೋಣೆಯಲ್ಲಿ ಬಾಯಿ ತೆರೆದು ಮಲಗಿ, ಗಂಟಲು ಒಣಗಿ ಏಳುವವರು ಇದನ್ನು ಗಮನಿಸಿ.

ತೇವ ಅಷ್ಟು ಮುಖ್ಯವೇ? ಹೌದು. ತೆಳ್ಳಗಿನ ಒದ್ದೆ ಪೊರೆ ಇಲ್ಲದೆ ಆಮ್ಲಜನಕ ರಕ್ತಕ್ಕೆ ಸೇರುವುದಿಲ್ಲ. ಎರೆಹುಳುವಿಗೆ ಚರ್ಮವೇ ಆ ಪೊರೆ, ಬಿಸಿಲಿಗೆ ಒಣಗಿದರೆ ಸತ್ತಿತು. ನೀರಿಗಿಂತ ಗಾಳಿಯಲ್ಲಿ ಆಮ್ಲಜನಕ ಎಷ್ಟೋ ಪಟ್ಟು ಹೆಚ್ಚು, ಆದರೂ ದಡಕ್ಕೆ ಬಿದ್ದ ಮೀನು ಒದ್ದಾಡಿ ಸಾಯುತ್ತದೆ. ನೀರಿಲ್ಲದೆ ಅದರ ಕಿವಿರಿನ ಎಸಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇನ್ನು ಹಕ್ಕಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುವುದನ್ನು ಆ ಕಡೆಯವರು ಕಂಡಿರಬಹುದು. ಹಿಮಾಲಯ ದಾಟಿ ಬರುವ ಹಕ್ಕಿಗಳವು. ಹಕ್ಕಿಗಳ ಮೈಯಲ್ಲಿ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳೂ ಇವೆ. ಅದರಿಂದ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ. ಉಸಿರು ಎಳೆದಾಗಲೂ ಬಿಟ್ಟಾಗಲೂ ಹೊಸ ಗಾಳಿಯೇ ಸಿಗುತ್ತದೆ.

ನಮ್ಮದು ಹಾಗಲ್ಲ. ನಮ್ಮ ಶ್ವಾಸಕೋಶ ಒಂದೇ ಬಾಯಿಯ ಚೀಲ. ಬಂದ ದಾರಿಯಲ್ಲೇ ಗಾಳಿ ವಾಪಸ್ ಹೋಗಬೇಕು. ಎಷ್ಟೇ ಪೂರ್ತಿ ಬಿಟ್ಟರೂ ಒಂದು ಲೀಟರಿಗೂ ಹೆಚ್ಚು ಹಳೆ ಗಾಳಿ ಒಳಗೇ ಉಳಿಯುತ್ತದೆ. ವಯಸ್ಸಾದಂತೆ ಹಳೆ ಎಲಾಸ್ಟಿಕ್‌ನಂತೆ ಚೀಲ ಸಡಿಲವಾಗಿ ಇನ್ನಷ್ಟು ಉಳಿಯುತ್ತದೆ. ಇಷ್ಟು ವಯಸ್ಸಿನ ಪಾಲು. ಆದರೆ ಬೀಡಿ, ಸಿಗರೇಟು ಸೇದಿದವರಲ್ಲಿ ಕೊಳವೆಗಳು ಕಿರಿದಾಗಿ ಹಳೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಅದು ಕಾಯಿಲೆ.

‘ನಾನು ಬೀಡಿ ಮುಟ್ಟಿದವಳಲ್ಲ ಡಾಕ್ಟ್ರೇ’ ಅನ್ನುವ ಅಮ್ಮಂದಿರೇ, ಸೌದೆ ಒಲೆ ಊದುತ್ತಾ ಎಷ್ಟು ವರ್ಷ ಅಡುಗೆ ಮಾಡಿದಿರಿ? ಆ ಹೊಗೆಯೂ ಇದೇ ಕಾಯಿಲೆ ತರುತ್ತದೆ. ನನ್ನ ಮಟ್ಟಿಗೆ, ಹೆಂಗಸರಲ್ಲಿ ನಾವು ವೈದ್ಯರು ಕೇಳಲು ಮರೆಯುವ ಮೊದಲ ಪ್ರಶ್ನೆ ಇದು.

ಇಂಥವರು ದಮ್ಮು ಬಂದಾಗ ಗಾಬರಿಯಿಂದ ಜೋರಾಗಿ ಒಳಗೆ ಎಳೆಯುತ್ತಾರೆ. ತುಂಬಿದ ಕೊಡಕ್ಕೆ ಇನ್ನೂ ನೀರು ಸುರಿದಂತೆ! ಮೊದಲು ಹೊರಗೆ ಹಾಕಬೇಕು. ಕುಳಿತು ಸ್ವಲ್ಪ ಮುಂದೆ ಬಾಗಿ. ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಎಳೆಯಿರಿ. ಬಿಸಿ ಕಾಫಿ ಊದುವ ಹಾಗೆ ತುಟಿ ಮಾಡಿ, ನಾಲ್ಕು ಎಣಿಸುವವರೆಗೆ ನಿಧಾನ ಬಿಡಿ. ತುಟಿ ಕಿರಿದಾದಾಗ ಒಳಗಿನ ಕೊಳವೆಗಳು ಬೇಗ ಮುಚ್ಚಿಕೊಳ್ಳುವುದಿಲ್ಲ.

ದಮ್ಮೆಲ್ಲ ಶ್ವಾಸಕೋಶದ್ದೇ ಅಲ್ಲ. ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟಿ ಎರಡು ಮೂರು ದಿಂಬು ಬೇಕಾದರೆ ಹೃದಯ ನೋಡಿಸಬೇಕು. ರಕ್ತ ಕಡಿಮೆಯಾದರೂ ಏದುಸಿರು ಬರುತ್ತದೆ. ಎದೆನೋವು, ನೀಲಿ ತುಟಿ, ಒಂದು ಮಾತು ಪೂರ್ತಿ ಮಾಡಲಾಗದಷ್ಟು ಏದುಸಿರು ಇದ್ದರೆ ಮಗ ಆಫೀಸಿನಿಂದ ಬರಲಿ ಎಂದು ಕಾಯಬೇಡಿ. ಇಲ್ಲಿ 9999ಕ್ಕೆ ಫೋನ್ ಮಾಡಿ. ಆ ನಂಬರನ್ನು ಇವತ್ತೇ ಮಕ್ಕಳಿಂದ ನಿಮ್ಮ ಫೋನಿನಲ್ಲಿ ಹಾಕಿಸಿಕೊಳ್ಳಿ.

ಖರ್ಚಾದೀತು, ಮಕ್ಕಳಿಗೆ ಯಾಕೆ ತೊಂದರೆ ಎಂದು ಮುಚ್ಚಿಡುವವರು ನಿಮ್ಮಲ್ಲಿ ಇದ್ದೀರಿ, ನನಗೆ ಗೊತ್ತು. ಮೆಟ್ಟಿಲು ಹತ್ತುವಾಗ ಹೋದ ವರ್ಷ ಇಲ್ಲದ ಏದುಸಿರು ಈ ವರ್ಷ ಇದೆಯೇ? ಅಷ್ಟನ್ನಾದರೂ ಹೇಳಿ.

ಊರಿನಿಂದ ಇನ್‌ಹೇಲರ್ ತಂದವರು ಅದನ್ನು ಸೂಟ್‌ಕೇಸಿನಲ್ಲಿ ಬಿಡದೆ ನನ್ನ ಮೇಜಿಗೆ ತನ್ನಿ. ಹೇಗೆ ಎಳೆಯುತ್ತೀರಿ ಎಂದು ನನ್ನೆದುರೇ ಮಾಡಿ ತೋರಿಸಿ. ಒತ್ತುವುದೂ ಎಳೆಯುವುದೂ ಒಟ್ಟಿಗೆ ಆಗದಿದ್ದರೆ ಸ್ಪೇಸರ್ ಎಂಬ ಕೊಳವೆ ಇದೆ, ಅದನ್ನು ಬಳಸುವುದನ್ನೂ ಅಲ್ಲೇ ಕಲಿಸುತ್ತೇನೆ.