ಕ್ಯಾಮೆರಾ ಮುಂದೆ 98, ದಾಟಿದ್ಮೇಲೆ 130

(ಪಾಡ್‌ಕ್ಯಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ, ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ಸ್ವಾಗತ. ಕಾರ್ ಓಡಿಸ್ತಾ ಕೇಳ್ತಿರೋರಿಗೂ ಸ್ವಾಗತ, ಇವತ್ತಿನ ವಿಷಯ ನಿಮ್ಮದೇ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡಿದವರಿಗೆಲ್ಲ ಇದು ಗೊತ್ತಿರುತ್ತೆ. ಮೂರು ಲೇನ್ ಖಾಲಿ ಇದೆ, ಮುಂದಿನ ಕಾರುಗಳು 120, 130ರಲ್ಲಿ ಹೋಗ್ತಿವೆ. ಇದ್ದಕ್ಕಿದ್ದಂತೆ ಎಲ್ಲರ ಬ್ರೇಕ್ ಲೈಟೂ ಒಟ್ಟಿಗೆ ಕೆಂಪಾಗುತ್ತೆ. ಹಸು ಅಡ್ಡ ಬಂದಿಲ್ಲ, ಆಕ್ಸಿಡೆಂಟ್ ಆಗಿಲ್ಲ. ಮುಂದೆ ಕಂಬದ ಮೇಲೆ ಕ್ಯಾಮೆರಾ ಇದೆ, ಅಷ್ಟೇ. ಮ್ಯಾಪ್ ಆ್ಯಪ್ ಅರ್ಧ ಕಿಲೋಮೀಟರ್ ಮುಂಚೆನೇ ಎಚ್ಚರಿಸಿರುತ್ತೆ. ಎಲ್ಲರೂ 98ಕ್ಕೆ ಇಳಿದು, ಸಭ್ಯರಾಗಿ ಕಂಬ ದಾಟಿ, ಮತ್ತೆ ಆಕ್ಸಿಲರೇಟರ್ ಒತ್ತುತ್ತಾರೆ.

ನನ್ನ ಪ್ರಶ್ನೆ ಸಿಂಪಲ್. ಇಲ್ಲಿ ನಾವು ಪಾಲಿಸ್ತಿರೋದು ವೇಗದ ಮಿತಿಯನ್ನಾ, ಕ್ಯಾಮೆರಾನಾ? ಎರಡೂ ಒಂದೇ ಅಲ್ಲ. ಎರಡರ ನಡುವಿನ ವ್ಯತ್ಯಾಸದಲ್ಲೇ ಜನ ಸಾಯ್ತಾರೆ.

ಮೊದಲು ಈ ರಸ್ತೆ ಕಥೆ ಸ್ವಲ್ಪ ನೆನಪು ಮಾಡ್ಕೊಳ್ಳೋಣ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳೀತು ಅಂತ ಎಲ್ಲರಿಗೂ ಖುಷಿ. ಆಮೇಲೆ ದಿನಾ ಪೇಪರ್‌ನಲ್ಲಿ ಅಪಘಾತದ ಸುದ್ದಿ. ಪೊಲೀಸರು ಕೊಟ್ಟ ಲೆಕ್ಕದ ಪ್ರಕಾರ ಆ ವರ್ಷ ಮೇ ತಿಂಗಳಲ್ಲಿ 29 ಸಾವು, ಜೂನ್‌ನಲ್ಲಿ 28. ಹೆಚ್ಚು ಕಡಿಮೆ ದಿನಕ್ಕೊಂದು ಮನೆಯಲ್ಲಿ ಸಾವು. ಜುಲೈನಲ್ಲಿ ಪೊಲೀಸರು ಸ್ಪೀಡ್ ಗನ್ ಹಿಡ್ಕೊಂಡು ರಸ್ತೆಗೆ ಇಳಿದರು, 100 ದಾಟಿದವರಿಗೆ ದಂಡ ಹಾಕೋಕೆ ಶುರು ಮಾಡಿದರು. ಜುಲೈ ತಿಂಗಳ ಸಾವು 8.

ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನ ಮುಖ್ಯ ರಸ್ತೆಯಿಂದ ತೆಗೆದಿದ್ದಕ್ಕೇ ಸಾವು ಕಡಿಮೆ ಆಯ್ತು ಅಂತ ಬಹಳ ಜನ ಹೇಳ್ತಾರೆ. ಅದೂ ದೊಡ್ಡ ಕಾರಣ ಇರಬಹುದು. ಆದ್ರೆ ಆ ನಿಷೇಧ ಜಾರಿಗೆ ಬಂದಿದ್ದು ಆಗಸ್ಟ್ 1ಕ್ಕೆ. 28ರಿಂದ 8ಕ್ಕೆ ಇಳಿದ ಜುಲೈನಲ್ಲಿ ಬೈಕುಗಳು ಇನ್ನೂ ಅದೇ ರಸ್ತೆಯಲ್ಲಿದ್ವು. ಒಂದು ತಿಂಗಳ ಲೆಕ್ಕ ಇಟ್ಕೊಂಡು ಎಲ್ಲಾ ಸಾಬೀತಾಯ್ತು ಅಂತ ನಾನು ಹೇಳಲ್ಲ. ಆಮೇಲೆ ಐಟಿಎಂಎಸ್ ಕ್ಯಾಮೆರಾಗಳು ಬಂದ್ವು, ದಂಡದ ಮೆಸೇಜ್ ಸೀದಾ ಮೊಬೈಲ್‌ಗೆ ಬರೋಕೆ ಶುರುವಾಯ್ತು. ಪೊಲೀಸರ ಲೆಕ್ಕದಲ್ಲಿ 2023ರ ಇಡೀ ವರ್ಷ ಈ ರಸ್ತೆಯಲ್ಲಿ ಸತ್ತವರು 188. ಮರುವರ್ಷ ಅದು 50ರ ಆಸುಪಾಸಿಗೆ ಬಂತು. ರಸ್ತೆ ಅದೇ, ಕಾರುಗಳು ಅವೇ, ಓಡಿಸೋರೂ ನಾವೇ.

ಹಾಗಾದ್ರೆ ಬದಲಾಗಿದ್ದು ಏನು? ನಾನು ಬಿಕಾಂ ಓದಿದೋನು, ಎಲ್ಲವನ್ನೂ ಲೆಜರ್ ಥರ ನೋಡೋ ಚಟ. ದಂಡ ಸಾವಿರ ರೂಪಾಯಿ ಅಂದ್ಕೊಳ್ಳಿ. ನೂರು ಸಲ ಸ್ಪೀಡಾಗಿ ಹೋದ್ರೆ ಒಂದು ಸಲ ಸಿಕ್ಕಿಬೀಳ್ತೀರಾ ಅಂದ್ರೆ, ನಿಮ್ಮ ಮನಸ್ಸಲ್ಲಿ ಒಂದು ಟ್ರಿಪ್ಪಿನ ದಂಡ ಹತ್ತು ರೂಪಾಯಿ. ಒಂದು ಟೀ ದುಡ್ಡೂ ಅಲ್ಲ. ದಂಡವನ್ನ ಐದು ಸಾವಿರ ಮಾಡಿದ್ರೂ ಅದು ಐವತ್ತಾಗುತ್ತೆ, ಅಷ್ಟೇ. ಅದೇ ಸಾವಿರ ರೂಪಾಯಿ, ಆದ್ರೆ ಎರಡು ಸಲಕ್ಕೆ ಒಂದು ಸಲ ಗ್ಯಾರಂಟಿ ಬರುತ್ತೆ ಅಂದ್ರೆ? ಪ್ರತಿ ಟ್ರಿಪ್ಪಿಗೆ ಐನೂರು. ಆಗ ಕಾಲು ತಾನಾಗೇ ಮೇಲೆ ಬರುತ್ತೆ. ದಂಡ ಎಷ್ಟು ಅನ್ನೋದಕ್ಕಿಂತ ದಂಡ ಬಂದೇ ಬರುತ್ತೆ ಅನ್ನೋ ನಂಬಿಕೆ ಕೆಲಸ ಮಾಡುತ್ತೆ.

ಈಗ ಆ ನಂಬಿಕೆಗೇ ತೂತು ಬಿದ್ದಿದೆ. ಕ್ಯಾಮೆರಾ ಎಲ್ಲೆಲ್ಲಿದೆ ಅಂತ ಎಲ್ಲರಿಗೂ ಗೊತ್ತು, ಗೊತ್ತಿಲ್ಲದಿದ್ರೆ ಆ್ಯಪ್ ಹೇಳುತ್ತೆ. ಕ್ಯಾಮೆರಾ ಮುಂಚೆ ಬೋರ್ಡ್ ಹಾಕೋದು ಸರಿಯಾದ ಕ್ರಮವೇ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ನಿಯಮವೇ ಅದನ್ನ ಹೇಳುತ್ತೆ. ಉದ್ದೇಶ ಜನರನ್ನ ಹಿಡಿಯೋದಲ್ಲ, ನಿಧಾನ ಮಾಡ್ಸೋದು. ಆದ್ರೆ ನಾವು ನಿಧಾನ ಆಗೋದು ಆ ಇನ್ನೂರು ಮೀಟರ್‌ಗೆ ಮಾತ್ರ.

130ಕ್ಕೂ 100ಕ್ಕೂ ಅಂಥಾ ವ್ಯತ್ಯಾಸ ಏನಿದೆ ಅಂತ ಕೇಳ್ತೀರಾ? ಈ ಲೆಕ್ಕ ಸ್ವಲ್ಪ ಗಮನ ಇಟ್ಟು ಕೇಳಿ. ಮುಂದೆ ಏನೋ ಅಡ್ಡ ಬಂತು. ನೋಡಿ, ಅರ್ಥ ಮಾಡ್ಕೊಂಡು, ಬ್ರೇಕ್ ಮೇಲೆ ಕಾಲಿಡೋಕೆ ಒಂದೂವರೆ ಸೆಕೆಂಡ್ ಅಂತ ಇಟ್ಕೊಳ್ಳಿ. 100ರಲ್ಲಿ ಇರೋ ಕಾರು ಅಷ್ಟರಲ್ಲೇ 42 ಮೀಟರ್ ಹೋಗಿರುತ್ತೆ. ಆಮೇಲೆ ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹೊಡೆದರೆ ಇನ್ನೊಂದು 55 ಮೀಟರ್. ಒಟ್ಟು ಸುಮಾರು 97 ಮೀಟರ್‌ಗೆ ನಿಲ್ಲುತ್ತೆ.

ಪಕ್ಕದ ಲೇನ್‌ನಲ್ಲಿ ಅದೇ ಥರದ ಕಾರು, ಅದೇ ಬ್ರೇಕು, ಅಷ್ಟೇ ಚುರುಕಾದ ಡ್ರೈವರ್, ಆದ್ರೆ 130ರಲ್ಲಿ ಇದ್ದಾನೆ. ಮೊದಲನೇ ಕಾರು ಪೂರ್ತಿ ನಿಂತಿರೋ ಜಾಗದಲ್ಲಿ ಎರಡನೇ ಕಾರಿನ ವೇಗ ಎಷ್ಟಿರುತ್ತೆ? 30 ಅಂತ ಊಹೆ ಮಾಡ್ತೀರಾ, 130ರಲ್ಲಿ 100 ಕಳೆದು. ಉತ್ತರ: ಸುಮಾರು 95. ಹೌದು, ಗಂಟೆಗೆ 95 ಕಿಲೋಮೀಟರ್! ಒಬ್ಬ ನಿಂತು ಉಸಿರು ಬಿಡ್ತಿರೋ ಜಾಗದಲ್ಲಿ ಇನ್ನೊಬ್ಬ 95ರಲ್ಲಿ ಹೋಗಿ ಗುದ್ದುತ್ತಾನೆ. ಯಾಕಂದ್ರೆ ವೇಗ ಹೆಚ್ಚಾದ ಹಾಗೆ ಶಕ್ತಿ ಅದರ ವರ್ಗದ ಲೆಕ್ಕದಲ್ಲಿ ಏರುತ್ತೆ, ಅದರ ಮೇಲೆ ಯೋಚನೆ ಮಾಡೋ ಒಂದೂವರೆ ಸೆಕೆಂಡ್‌ನಲ್ಲೂ ಕಾರು ಜಾಸ್ತಿ ದೂರ ಹೋಗಿರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಇನ್ನೊಂದು ಥರ ಹೇಳುತ್ತೆ: ಸರಾಸರಿ ವೇಗ ಶೇ 1ರಷ್ಟು ಹೆಚ್ಚಾದ್ರೆ, ಸಾವು ತರೋ ಅಪಘಾತದ ಅಪಾಯ ಶೇ 4ರಷ್ಟು ಹೆಚ್ಚಾಗುತ್ತೆ.

ಇದಕ್ಕೆ ಪ್ರತಿಯಾಗಿ ನಮಗೆ ಸಿಗೋದೇನು? ಬೆಂಗಳೂರು–ಮೈಸೂರು ಸುಮಾರು 119 ಕಿಲೋಮೀಟರ್. ಇಡೀ ದಾರಿ 100ರಲ್ಲೇ ಹೋದ್ರೆ 71 ನಿಮಿಷ. ಇಡೀ ದಾರಿ 130ರಲ್ಲಿ ಹೋದ್ರೆ 55 ನಿಮಿಷ. ಉಳಿತಾಯ 16 ನಿಮಿಷ. ಅದೂ ಎಲ್ಲೂ ಬ್ರೇಕ್ ಹಾಕದೆ, ಟೋಲ್‌ನಲ್ಲಿ ನಿಲ್ಲದೆ ಹೋದ್ರೆ. ನಿಜವಾಗ್ಲೂ ಉಳಿಯೋದು ಅದಕ್ಕಿಂತ ಕಡಿಮೆ. ಉಳಿಸಿದ್ದನ್ನೆಲ್ಲ ಭಾನುವಾರ ಸಂಜೆ ಕೆಂಗೇರಿ ಟ್ರಾಫಿಕ್ ಒಂದೇ ಏಟಿಗೆ ವಸೂಲಿ ಮಾಡ್ಕೊಳ್ಳುತ್ತೆ.

ಇನ್ನು ‘ಇದೆಲ್ಲ ಸರ್ಕಾರದ ಕಲೆಕ್ಷನ್’ ಅನ್ನೋ ಮಾತು. ಕಾಮೆಂಟ್‌ನಲ್ಲಿ ಹೆಚ್ಚು ಬರೋದೇ ಇದು. ಈ ಸಿಟ್ಟಿಗೆ ಕಾರಣ ಇಲ್ಲ ಅಂತ ನಾನು ಹೇಳಲ್ಲ. ಕೆಲವು ರಸ್ತೆಗಳಲ್ಲಿ ಮಿತಿ ಎಷ್ಟು ಅಂತ ಬೋರ್ಡೇ ಕಾಣಲ್ಲ. ಎಷ್ಟೋ ಸಲ ಬೋರ್ಡ್ ಮರದ ಹಿಂದೆ ಇರುತ್ತೆ, ಕ್ಯಾಮೆರಾ ಮಾತ್ರ ಮುಂದೆ ಇರುತ್ತೆ. ಅಂಥ ಕಡೆ ದಂಡ ಬಂದ್ರೆ ಪ್ರಶ್ನೆ ಮಾಡೋ ಹಕ್ಕು ನಿಮಗಿದೆ, ಮಾಡಲೇಬೇಕು.

ಆದ್ರೆ ‘ಕಲೆಕ್ಷನ್’ ಅನ್ನೋ ಅನುಮಾನಕ್ಕೆ ಗೊಬ್ಬರ ಹಾಕಿರೋದು ಸರ್ಕಾರವೇ, ಅದೂ ರಿಯಾಯಿತಿ ಕೊಟ್ಟು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ಡಿಸ್ಕೌಂಟ್ ಕೊಟ್ಟರು. ಜನ ಕ್ಯೂ ನಿಂತು ಕಟ್ಟಿದರು, 100 ಕೋಟಿಗೂ ಹೆಚ್ಚು ದುಡ್ಡು ಬಂತು. 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ಆಫರ್. ಬಾಕಿ ಕ್ಲಿಯರ್ ಆಗಬೇಕು, ಅದು ಅರ್ಥ ಆಗುತ್ತೆ. ಆದ್ರೆ ಇದರಿಂದ ಜನ ಕಲಿಯೋ ಪಾಠ ಏನು? ಮೆಸೇಜ್ ಬಂದ ದಿನವೇ ಸಾವಿರ ಕಟ್ಟಿದವನು ಪೆದ್ದ. ಎರಡು ವರ್ಷ ಸುಮ್ನಿದ್ದವನು ಐನೂರಲ್ಲಿ ಮುಗಿಸಿದ, ಅವನು ಬುದ್ಧಿವಂತ. ಬಟ್ಟೆ ಅಂಗಡಿಯ ಆಷಾಢ ಸೇಲ್ ಥರ ದಂಡಕ್ಕೂ ಸೀಸನ್ ಬಂದುಬಿಟ್ರೆ, ಅದು ಶಿಕ್ಷೆ ಅನ್ಸಲ್ಲ, ಫೀಸ್ ಅನ್ಸುತ್ತೆ. ಫೀಸ್ ಕಟ್ಟಿದೋನಿಗೆ ಸ್ಪೀಡಾಗಿ ಹೋಗೋದು ತನ್ನ ಹಕ್ಕು ಅನ್ಸುತ್ತೆ.

ಪರಿಹಾರ ಏನು? ಒಂದು ದಾರಿ, ಕ್ಯಾಮೆರಾ ಹತ್ತಿರದ ವೇಗ ಬಿಟ್ಟು ಎರಡು ಜಾಗಗಳ ನಡುವಿನ ಸರಾಸರಿ ವೇಗ ಅಳೆಯೋದು. ಇಲ್ಲಿ ದಾಟಿದ ಟೈಮ್ ಎಷ್ಟು, ಹತ್ತು ಕಿಲೋಮೀಟರ್ ಆಚೆ ದಾಟಿದ ಟೈಮ್ ಎಷ್ಟು. 100ರ ಮಿತಿ ಇರೋ ಕಡೆ ಹತ್ತು ಕಿಲೋಮೀಟರ್‌ಗೆ ಆರು ನಿಮಿಷ ಬೇಕು. ಐದೇ ನಿಮಿಷದಲ್ಲಿ ಬಂದ್ರೆ ನಿಮ್ಮ ಸರಾಸರಿ 120, ವಾದ ಮಾಡೋಕೆ ಏನೂ ಉಳಿಯಲ್ಲ. ಬ್ರಿಟನ್, ಇಟಲಿಯಲ್ಲಿ ಈ ವ್ಯವಸ್ಥೆ ಇಪ್ಪತ್ತು ವರ್ಷಕ್ಕೂ ಹಿಂದಿನದು. ನಮ್ಮ ಹೆದ್ದಾರಿಯಲ್ಲೂ ಬಿಡದಿ ಹತ್ತಿರದ ಟೋಲ್, ಶ್ರೀರಂಗಪಟ್ಟಣದ ಹತ್ತಿರ ಗಣಂಗೂರು ಟೋಲ್ ಎರಡರಲ್ಲೂ ಫಾಸ್ಟ್‌ಟ್ಯಾಗ್ ನಿಮ್ಮ ಟೈಮ್ ಬರ್ಕೊಂಡೇ ಇರುತ್ತೆ. ‘ಮಧ್ಯೆ ಮದ್ದೂರಿಗೆ ಇಳಿದು ವಡೆ ತಿಂದು ಆವರೇಜ್ ಸರಿ ಮಾಡ್ಕೋತೀವಿ’ ಅಂತೀರಾ? ಅದಕ್ಕೇ ಅಳತೆ ಟೋಲ್‌ನಿಂದ ಟೋಲ್‌ಗೆ ಇದ್ರೆ ಸಾಲದು, ನಡುವೆ ಇಳಿಯೋಕೆ ದಾರಿ ಇಲ್ಲದ ಚಿಕ್ಕ ಚಿಕ್ಕ ಭಾಗಗಳಲ್ಲಿ ಇರಬೇಕು.

130 ದಾಟೋರಿಗೆ ಇನ್ನೊಂದು ವಿಷಯ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130ಕ್ಕಿಂತ ಹೆಚ್ಚು ವೇಗಕ್ಕೆ ಎಫ್‌ಐಆರ್ ಹಾಕ್ತೀವಿ ಅಂತ ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಹೇಳಿದ್ರು. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್, ಅಂದ್ರೆ ನಿರ್ಲಕ್ಷ್ಯದ ಚಾಲನೆ. ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಮೊತ್ತ ನೋಡಿ ನಗಬೇಡಿ. ಅದು ಕ್ರಿಮಿನಲ್ ಕೇಸ್. ಕೋರ್ಟ್‌ಗೆ ಹೋಗಬೇಕು. ಕೇಸ್ ಬಾಕಿ ಇದ್ದಾಗ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದ್ರೆ ಪೊಲೀಸ್ ವೆರಿಫಿಕೇಶನ್‌ನಲ್ಲಿ ಅದು ಎದ್ದು ಬರುತ್ತೆ. ಫಾರಿನ್‌ಗೆ ಹೋಗೋ ಪ್ಲಾನ್ ಇರೋರು ಇದನ್ನ ಬರೆದಿಟ್ಕೊಳ್ಳಿ.

ಇನ್ನು ಈ ಲೆಕ್ಕದಲ್ಲಿ ಹೆಸರೇ ಬರದ ಒಬ್ಬರಿದ್ದಾರೆ. ರಸ್ತೆಯ ಈ ಕಡೆ ಊರು, ಆ ಕಡೆ ಹೊಲ ಇರೋರು. ರಾಮನಗರ, ಮಂಡ್ಯದ ಹಳ್ಳಿಗಳ ನಡುವೆಯೇ ಈ ಹೆದ್ದಾರಿ ಹೋಗಿದೆ. ಸ್ಕೈವಾಕ್ ಕೊಡಿ, ಅಂಡರ್‌ಪಾಸ್ ಕೊಡಿ ಅಂತ ಅಲ್ಲಿನ ಜನ ಕೇಳ್ತಾನೇ ಬಂದಿದ್ದಾರೆ. ಅವರು ಮುಖ್ಯ ರಸ್ತೆ ದಾಟಬಾರದು, ಒಪ್ಪೋಣ. ಆದ್ರೂ ಯಾರೋ ಒಬ್ಬರು ದಾಟ್ತಾರೆ ಅಂದ್ಕೊಳ್ಳಿ. ಇನ್ನೂರು ಮೀಟರ್ ದೂರದಲ್ಲಿ ಕಾರು ಕಾಣುತ್ತೆ. 100ರಲ್ಲಿ ಬರೋ ಕಾರಾದ್ರೆ ಅವರಿಗೆ ಏಳು ಸೆಕೆಂಡ್ ಇದೆ. 130ರಲ್ಲಿ ಬರೋದಾದ್ರೆ ಐದೂವರೆ. ಎದುರಿಂದ ನೇರವಾಗಿ ಬರೋ ಕಾರಿನ ಸ್ಪೀಡ್ ಎಷ್ಟು ಅಂತ ನಿಂತು ನೋಡಿದೋರಿಗೆ ಗೊತ್ತಾಗಲ್ಲ. ಮಿತಿ ಮೀರಿದೋನು ಅವರ ಒಂದೂವರೆ ಸೆಕೆಂಡ್ ಕದ್ದಿರ್ತಾನೆ.

ಸರ್ವಿಸ್ ರೋಡಲ್ಲಿ ಅಪಾಯ ಇನ್ನೂ ಹತ್ತಿರ. ಈಗ ಬೈಕು, ಆಟೋ, ಶಾಲೆ ಮಕ್ಕಳು, ಟ್ರ್ಯಾಕ್ಟರ್ ಎಲ್ಲಾ ಅಲ್ಲೇ ಇರೋದು. ಟೋಲ್ ತಪ್ಪಿಸೋಕೆ ಅಲ್ಲಿಗೆ ಇಳಿಯೋ ಕಾರುಗಳು ಹೆದ್ದಾರಿಯ ವೇಗವನ್ನೂ ಜೊತೆಗೆ ತರ್ತವೆ. ಕಾರಿನ ವೇಗ 50ರಿಂದ 65ಕ್ಕೆ ಏರಿದ್ರೆ, ಡಿಕ್ಕಿಯಾದ ಪಾದಚಾರಿ ಸಾಯೋ ಅಪಾಯ ನಾಲ್ಕೂವರೆ ಪಟ್ಟು ಆಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಕೇವಲ 15 ಕಿಲೋಮೀಟರ್ ವ್ಯತ್ಯಾಸಕ್ಕೆ! ಕ್ಯಾಮೆರಾಗಳ ಮುಂದಿನ ಕೆಲಸ ಅಲ್ಲಿದೆ ಅನ್ನೋದು ನನ್ನ ಅಭಿಪ್ರಾಯ.

ಕೊನೆಗೆ ನಾವು ನೀವು ಮಾಡಬಹುದಾದ ಮೂರು ವಿಷಯ.

ಒಂದು. 2019ರ ಜುಲೈ ನಂತರ ತಯಾರಾದ ಕಾರುಗಳಲ್ಲಿ 80 ದಾಟಿದ್ರೆ ಆಗಾಗ ಟಿಂಗ್ ಅನ್ನುತ್ತೆ, 120 ದಾಟಿದ್ರೆ ಬಿಡದೇ ಹೊಡ್ಕೊಳ್ಳುತ್ತೆ. ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿ ಅದನ್ನ ಮುಚ್ಚಬೇಡಿ. ಕ್ರೂಸ್ ಕಂಟ್ರೋಲ್ ಇದ್ರೆ 95ಕ್ಕೆ ಸೆಟ್ ಮಾಡಿ, ಎಡದ ಲೇನ್‌ನಲ್ಲಿರಿ. ಆಗ ಕ್ಯಾಮೆರಾ ಎಲ್ಲಿದೆ ಅಂತ ಹುಡುಕೋ ಕೆಲಸವೇ ಇರಲ್ಲ.

ಎರಡು. ಹಿಂದಿನ ಸೀಟಲ್ಲಿ ಕೂತಾಗ ಬಾಯಿ ಬಿಡಿ. ಕ್ಯಾಬ್ ಆದ್ರೆ ‘ಅಣ್ಣಾ, ಏನೂ ಅರ್ಜೆಂಟ್ ಇಲ್ಲ, ನೂರರೊಳಗೆ ಹೋಗಿ ಸಾಕು’ ಅನ್ನಿ. ಫ್ರೆಂಡ್ ಓಡಿಸ್ತಿದ್ರೆ ‘ಮಗಾ, ಸ್ಲೋ ಮಾಡೋ’ ಅನ್ನಿ. ಐದು ನಿಮಿಷ ಮುಖ ಊದಿಸ್ಕೋತಾನೆ, ಪರವಾಗಿಲ್ಲ. ನೀವೂ ಬೆಲ್ಟ್ ಹಾಕ್ಕೊಳ್ಳಿ, ಹಿಂದಿನ ಸೀಟಿಗೂ ಅದು ಕಡ್ಡಾಯ.

ಮೂರು. ದಂಡ ಇದೆಯಾ ಅಂತ ನೋಡೋಕೆ ಪರಿವಾಹನ್ ವೆಬ್‌ಸೈಟ್‌ಗೆ ನೀವೇ ಹೋಗಿ, ಗಾಡಿ ನಂಬರ್ ಹಾಕಿ. ‘ನಿಮ್ಮ ಚಲನ್ ಇಲ್ಲಿದೆ’ ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಬಂದ್ರೆ ಅದು ಮೋಸ. ಮುಟ್ಟಬೇಡಿ, ಬ್ಯಾಂಕ್ ಖಾತೆ ಖಾಲಿ ಮಾಡ್ತಾರೆ. ಫೋಟೋ, ಜಾಗ, ಟೈಮ್ ನೋಡಿ. ತಪ್ಪಿದ್ರೆ ದೂರು ಕೊಡಿ, ಸರಿ ಇದ್ರೆ ಡಿಸ್ಕೌಂಟ್‌ಗೆ ಕಾಯದೆ ಕಟ್ಟಿ.

2022ರಲ್ಲಿ ಇಡೀ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇ 71ರಷ್ಟು ಸಾವಿಗೆ ಅತಿವೇಗ ಕಾರಣ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತೆ. ಕ್ಯಾಮೆರಾ ಇರೋ ಇನ್ನೂರು ಮೀಟರ್ ಬಿಟ್ಟು, ಕ್ಯಾಮೆರಾ ಇಲ್ಲದ ಉಳಿದ ರಸ್ತೆಯಲ್ಲಿ ನಾವು ಎಷ್ಟರಲ್ಲಿ ಹೋಗ್ತೀವಿ ಅನ್ನೋದರ ಮೇಲೆ ಈ ಸಂಖ್ಯೆ ನಿಂತಿದೆ.

ನಿಮ್ಮೂರಿನ ಹತ್ತಿರ ವೇಗದ ಬೋರ್ಡ್ ಇಲ್ಲದ ಜಾಗ, ಸ್ಕೈವಾಕ್ ಬೇಕಾಗಿರೋ ಜಾಗ ಇದ್ರೆ ಫೋಟೋ ತೆಗೆದು ಕಳಿಸಿ. ಗಾಡಿ ನಿಲ್ಲಿಸಿ ತೆಗೀರಿ ಮತ್ತೆ! ಅವನ್ನೆಲ್ಲ ಸೇರಿಸಿ ಮುಂದಿನ ಒಂದು ಸಂಚಿಕೆ ಮಾಡೋಣ.