ಮೊದಲ ಒಕ್ಕಲಿನವರ ಮಣ್ಣು

ಪೂರ್ವಿಕರನ್ನು ಕುರಿತ ಮಾತು ನಮ್ಮ ಪೇಟೆಗಳಲ್ಲಿ ವಂಶಾವಳಿಯಿಂದ ಆರಂಭವಾಗಿ ವಂಶಾವಳಿಯಲ್ಲಿಯೇ ಮುಗಿಯುತ್ತದೆ. ಹಳ್ಳಿಯ ರೈತನಿಗಾದರೋ ಪೂರ್ವಿಕರೆಂದರೆ ಹೊಲದ ಒಂದು ಮೂಲೆ. ಅಜ್ಜನನ್ನು, ಮುತ್ತಜ್ಜಿಯನ್ನು ಮಣ್ಣು ಮಾಡಿದ ಆ ಜಾಗದಲ್ಲಿ ಎರಡು ಕಲ್ಲು, ಒಂದು ಬೇವಿನ ಗಿಡ, ಹಬ್ಬದ ದಿನ ಇಟ್ಟುಬರುವ ಒಂದು ಎಡೆ. ನೇಗಿಲು ಅಲ್ಲಿಗೆ ಬಂದಾಗ ತಾನಾಗಿಯೇ ಬಳಸಿ ಹೋಗುತ್ತದೆ. ಆದರೆ ಹೊಲ ಮಾರಾಟವಾಗಿ ವಂಶವು ಬೇರೆ ಊರು ಸೇರಿದ ಮೇಲೆ, ಆ ಮೂಲೆಯನ್ನು ಕಾಯುವವರು ಯಾರು? ಈ ಪ್ರಶ್ನೆಯನ್ನು ಮೂರು ಸಾವಿರ ವರ್ಷ ಹಿಂದಕ್ಕೆ ಒಯ್ದು ನೋಡಬೇಕೆಂಬುದು ನನ್ನ ಇಂದಿನ ಭಾಷಣದ ಉದ್ದೇಶ.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಡುವೆ ಹರಡಿರುವ ಬಳಗಾನೂರಿನ ಸೀಮೆ ನೋಟಕ್ಕೆ ಬರಿಯ ಎರೆಯ ಬಯಲು. ಆದರೆ ಈ ನಾಡಿನಲ್ಲಿ ಮೊದಲು ಒಕ್ಕಲು ಹೂಡಿದವರು ಯಾರೆಂಬುದಕ್ಕೆ ಈ ಬಯಲಿನಷ್ಟು ಸಾಕ್ಷ್ಯ ನೀಡಬಲ್ಲ ಪ್ರದೇಶಗಳು ವಿರಳ. 1954ರಲ್ಲಿ ಬಿ. ಕೆ. ಥಾಪರ್ ಅವರು ಮಸ್ಕಿಯಲ್ಲಿ ಉತ್ಖನನ ನಡೆಸಿದಾಗ, ಕಲ್ಲಿನ ಕೊಡಲಿ ಹಿಡಿದ ರೈತರ ನೆಲೆಯ ಮೇಲೆ ಕಬ್ಬಿಣ ಬಲ್ಲವರ ನೆಲೆಯೂ, ಅವರ ಗೋರಿಗಳೂ ಕಂಡುಬಂದವು. ಇದೇ ರಾಯಚೂರು ಜಿಲ್ಲೆಯ ವಟಗಲ್ಲಿನಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನವು ಇನ್ನೂ ಹಿಂದಿನ ಕಾಲವನ್ನು ತೆರೆಯಿತು. ಆ ನವಶಿಲಾಯುಗದ ಜನರು ತೀರಿಕೊಂಡ ಎಳೆಯ ಕೂಸುಗಳನ್ನು ಮಡಕೆಯಲ್ಲಿಟ್ಟು ತಾವು ವಾಸಿಸುವ ನೆಲೆಯೊಳಗೇ ಹೂಳುತ್ತಿದ್ದರು. ಮಗುವನ್ನು ಊರ ಹೊರಗೆ ಒಂಟಿಯಾಗಿ ಬಿಡಲು ಆ ತಾಯಿಗೆ ಮನಸ್ಸಾಗಲಿಲ್ಲವೋ ಏನೋ! ಅವರ ಭಾಷೆ ನಮಗೆ ತಿಳಿಯದು. ಆದರೂ ಈ ಒಂದು ಮಡಕೆಗೆ ಅರ್ಥ ಹೇಳಲು ನಿಘಂಟು ಬೇಕಾಗಿಲ್ಲ.

ಕಬ್ಬಿಣದ ಕಾಲ ಬಂದಾಗ ಸತ್ತವರಿಗೆ ಬೇರೆ ಊರೇ ಹುಟ್ಟಿತು. ಅಂತಹ ಊರುಗಳಲ್ಲಿ ಹಿರಿಯದು ಗಂಗಾವತಿಯ ಸಮೀಪದ ಹಿರೇಬೆಣಕಲ್ಲು. ಹಿಂದೆ ರಾಯಚೂರು ಜಿಲ್ಲೆಗೆ ಸೇರಿದ್ದು 1997ರಿಂದ ಕೊಪ್ಪಳ ಜಿಲ್ಲೆಯಲ್ಲಿರುವ ಈ ಗ್ರಾಮದ ಬೆಟ್ಟದ ಮೇಲೆ ಸುಮಾರು 400 ಶಿಲಾಸ್ಮಾರಕಗಳಿವೆ. ಕಣಶಿಲೆಯ ಚಪ್ಪಡಿಗಳನ್ನು ಒಂದಕ್ಕೊಂದು ಆತುಕೊಳ್ಳುವಂತೆ ನಾಲ್ಕು ಕಡೆ ನಿಲ್ಲಿಸಿ, ಮೇಲೊಂದು ಹಾಸುಗಲ್ಲು ಹೊದಿಸಿದ ಕೋಣೆಗಳು ಅವು. ದೊಡ್ಡವು ಆಳಿಗಿಂತ ಎತ್ತರ. ಹಲವು ಕೋಣೆಗಳ ಒಂದು ಗೋಡೆಯಲ್ಲಿ ದುಂಡಗೆ ಕೊರೆದ ಕಿಂಡಿ.

ಈ ಕಿಂಡಿಯೇ ಜನರ ಕಲ್ಪನೆಯನ್ನು ಕೆರಳಿಸಿತು. ಮೋರ್ಯರೆಂಬ ಗಿಡ್ಡ ಜನರಿದ್ದರು, ಈ ಕಿಂಡಿಯಲ್ಲಿ ನುಸುಳಿ ಒಳಗೆ ವಾಸಿಸುತ್ತಿದ್ದರು ಎಂದು ಕಥೆ ಬೆಳೆಯಿತು. ಬೆಟ್ಟಕ್ಕೆ ಮೋರ್ಯರ ಗುಡ್ಡವೆಂದು ಹೆಸರಾಯಿತು. ಹೆಸರಿನ ಹೋಲಿಕೆಯಿಂದ ಮೌರ್ಯ ಚಕ್ರವರ್ತಿಗಳನ್ನು ಇಲ್ಲಿಗೆ ಎಳೆತರುವವರೂ ಉಂಟು. ಹೋಲಿಕೆಯೊಂದರಿಂದಲೇ ಇತಿಹಾಸ ಸಿದ್ಧವಾಗುವುದಿಲ್ಲ. ವಿದ್ವಾಂಸರ ವಿವರಣೆ ಬೇರೆ. ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಇಂತಹ ಕಲ್ಲುಗೋರಿಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಬಿಡಿ ಎಲುಬುಗಳು ದೊರೆತವು. ಮುಚ್ಚಿದ ಗೋರಿಯನ್ನು ಮತ್ತೆ ಮತ್ತೆ ಬಳಸಲು ಕಿಂಡಿಯು ಬಾಗಿಲಿನಂತೆ ಒದಗುತ್ತಿದ್ದಿರಬೇಕು. ಹಾಗಿದ್ದರೆ ಇವು ಮನೆತನಗಳ ಗೋರಿಗಳು. ತಂದೆ ಹೋದ ಮನೆಗೆ ಮಗನೂ, ಅತ್ತೆ ಹೋದ ಮನೆಗೆ ಸೊಸೆಯೂ ಹೋಗಿ ಸೇರಿದ್ದರೆಂದು ಊಹಿಸಿದರೆ ತಪ್ಪಾಗಲಾರದು. ಜನಪದರು ಇದನ್ನು ಮನೆಯೆಂದು ಕರೆದುದರಲ್ಲಿಯೂ ಒಂದು ಸತ್ಯ ಅಡಗಿದೆ.

ಈ ಸ್ಮಾರಕಗಳತ್ತ ವಿದ್ವತ್ತಿನ ಕಣ್ಣು ತೆರೆಸಿದವರಲ್ಲಿ ಮೊದಲಿಗರು, ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅವರು ರಾಜನಕೋಳೂರಿನ ಕಲ್ಲುಮನೆಗಳನ್ನು ಅಳೆದು ಚಿತ್ರ ಬರೆದರು. ಯೂರೋಪಿನಲ್ಲಿ ಇರುವಂಥವುಗಳೊಡನೆ ಹೋಲಿಸಿ ನೋಡಿದರು. ನಮ್ಮ ಅ. ಸುಂದರ ಅವರು ಊರೂರು ಅಲೆದು ಈ ಗೋರಿಗಳ ಬಗೆಗಳನ್ನು ವರ್ಗೀಕರಿಸಿ 1975ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. 2021ರಲ್ಲಿ ಹಿರೇಬೆಣಕಲ್ಲು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಬೆಟ್ಟದ ಮೇಲಿನ ಗೋರಿಗಳಿಗೆ ಬೆಟ್ಟವೇ ಅಷ್ಟಿಷ್ಟು ಕಾವಲು. ಬಯಲಿನವಕ್ಕೆ ಆ ಭಾಗ್ಯವಿಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ, ಎಡದಂಡೆಯ ಕಾಲುವೆ ಈ ಸೀಮೆಗೆ ನೀರು ತಂದಿತು. ಜೋಳದ ಹೊಲ ನೆಲ್ಲಿನ ಗದ್ದೆಯಾಯಿತು. ಆಂಧ್ರದ ಕರಾವಳಿಯಿಂದ ರೈತ ಕುಟುಂಬಗಳು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡವು. ಇದು ನಮ್ಮ ಕಣ್ಣೆದುರಿನ ಹೊಸ ಒಕ್ಕಲು. ನೆಲ್ಲಿಗೆ ಮಟ್ಟವಾದ ನೆಲ ಬೇಕು. ದಿಬ್ಬ ಕಡಿದರು, ತಗ್ಗು ತುಂಬಿದರು, ವೃತ್ತವಾಗಿ ನಿಂತ ಕಲ್ಲುಗಳನ್ನು ಬದುವಿಗೆ ಸೇರಿಸಿದರು. ಪ್ರಾಚೀನ ದನಗಾಹಿಗಳ ಬೂದಿದಿಬ್ಬಗಳು ಗೊಬ್ಬರವಾಗಿ ಬಂಡಿಯೇರಿದವು. ಹಸಿದ ನೆಲಕ್ಕೆ ನೀರುಣಿಸಿದವರನ್ನು ದೂರುವುದು ನ್ಯಾಯವಲ್ಲ. ಆ ಕಲ್ಲು ಏನೆಂದು ಅವರಿಗೆ ಹೇಳಬೇಕಾಗಿದ್ದವರು ಓದಿದವರಾದ ನಾವು, ನಾವು ಹೇಳಲಿಲ್ಲ.

ಎರಡನೆಯ ಆಪತ್ತು ನಿಧಿಯ ಆಸೆ. ಅಮಾವಾಸ್ಯೆಯ ರಾತ್ರಿ ಹಾರೆ ಹಿಡಿದು ಬರುವವನಿಗೆ ಒಂದು ಮಾತು ತಿಳಿಯಬೇಕು: ಈ ಜನರು ಸತ್ತವರೊಡನೆ ಇಟ್ಟದ್ದು ಕಪ್ಪು-ಕೆಂಪು ಬಣ್ಣದ ಮಡಕೆ, ಕಬ್ಬಿಣದ ಕುಡುಗೋಲು, ಕತ್ತಿ, ಬಾಣದ ಮೊನೆ, ಕೆಲವೊಮ್ಮೆ ನಾಲ್ಕಾರು ಮಣಿ. ದುಡಿದವರಿಗೆ ದುಡಿಮೆಯ ಸಲಕರಣೆಯೇ ಬುತ್ತಿ. ನೆಲದಲ್ಲಿ ಸಿಕ್ಕ, 10 ರೂಪಾಯಿಗೆ ಮೀರಿದ ಬೆಲೆಯ ನಿಕ್ಷೇಪವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ಕಾಯಿದೆಯೇ ಹೇಳುತ್ತದೆ. 1915ರಲ್ಲಿ ಚಿನ್ನದ ಶೋಧದಲ್ಲಿದ್ದ ಬೀಡನ್ ಎಂಬ ಎಂಜಿನಿಯರಿಗೆ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರು ದೊರೆತದ್ದನ್ನು ನೆನೆಯಿರಿ. ಈ ನೆಲದ ನಿಧಿ ಆ ಬಗೆಯದು.

ಇನ್ನು ಜೀರ್ಣೋದ್ಧಾರದ ಮಾತು. ದೇವಾಲಯಕ್ಕೆ ಸುಣ್ಣಬಣ್ಣ ಬಳಿದಂತೆ ಗೋರಿಗೆ ಸಿಮೆಂಟು ಮೆತ್ತಿದರೆ ಅದು ಎರಡನೆಯ ಸಾವು. ಮೊದಲ ಕೆಲಸ, ಇರುವುದನ್ನು ಲೆಕ್ಕ ಹಿಡಿದು ಊರ ನಕ್ಷೆಯಲ್ಲಿ ಗುರುತಿಸುವುದು. ಎರಡನೆಯದು, ಸಂದಿನಲ್ಲಿ ಬೇರಿಳಿಸಿ ಚಪ್ಪಡಿಯನ್ನು ಸೀಳುವ ಗಿಡವನ್ನು ಕೀಳದೆ, ಬುಡಕ್ಕೆ ಕೊಯ್ದು ಒಣಗಲು ಬಿಡುವುದು. ಮೂರನೆಯದು, ಬಿದ್ದ ಚಪ್ಪಡಿ ನಿಂತಿದ್ದ ತಾಣ ನಿಶ್ಚಯವಾದಲ್ಲಿ ಮಾತ್ರ, ಬಲ್ಲವರ ಕೈಯಿಂದ ಅದನ್ನು ಎತ್ತಿ ನಿಲ್ಲಿಸುವುದು; ನಿಶ್ಚಯವಿಲ್ಲದಿದ್ದರೆ ಬಿದ್ದಲ್ಲಿಯೇ ಬಿಡುವುದು. ಒಳಗಿನ ಮಣ್ಣನ್ನು ಕೆದಕಲೇಬಾರದು. ಒಂದು ಸುಟ್ಟ ಕಾಳು, ಒಂದು ಚೂರು ಇದ್ದಿಲು ಅವರ ಊಟವನ್ನೂ ಕಾಲವನ್ನೂ ಹೇಳಬಲ್ಲದು. ಇದಕ್ಕೆಲ್ಲ ಇಲಾಖೆಯ ಅನುಮತಿ ಬೇಕು. ಲೆಕ್ಕ ಹಿಡಿಯುವುದಕ್ಕೆ ಮಾತ್ರ ಊರಿನ ಮೇಷ್ಟರು, ಹತ್ತು ಹುಡುಗರು, ಒಂದು ಅಳತೆಯ ಪಟ್ಟಿ ಇದ್ದರೆ ಸಾಕು.

ಮೊದಲ ಒಕ್ಕಲಿನವರಿಗೆ ಇಂದು ವಾರಸುದಾರರೆಂದು ಹೇಳಿಕೊಳ್ಳುವವರಿಲ್ಲ. ಅವರ ಜಾತಿ ಯಾವುದೋ, ದೇವರು ಯಾವುದೋ. ಆದುದರಿಂದಲೇ ಅವರು ಯಾರೊಬ್ಬರ ಸ್ವತ್ತೂ ಆಗದೆ ಎಲ್ಲರ ಹಿರಿಯರಾಗಬಲ್ಲರು. ತಲೆತಲಾಂತರದಿಂದ ಉಳುತ್ತಿರುವವನಿಗೂ ನಿನ್ನೆ ಬಂದು ಕ್ಯಾಂಪು ಕಟ್ಟಿದವನಿಗೂ, ಈ ನೆಲ ಬಿತ್ತಿದರೆ ಬೆಳೆಯುತ್ತದೆಂದು ಮೊದಲು ತೋರಿಸಿಕೊಟ್ಟವರು ಅವರು. ಹೊಲದ ಮೂಲೆಯ ಆ ನಾಲ್ಕು ಕಲ್ಲುಗಳ ಬಳಿಗೆ ಬಂದಾಗ ಟ್ರ್ಯಾಕ್ಟರು ಸ್ವಲ್ಪ ಬಳಸಿ ಹೋದರೆ, ಒಂದು ಪಡಿ ನೆಲ್ಲು ಕಡಿಮೆಯಾದೀತು. ಅಷ್ಟನ್ನು ಅವರ ಪಾಲೆಂದು ಬಿಟ್ಟುಕೊಡೋಣ.