ಮಣಿಕಟ್ಟಿನ ಸಂವೇದಕವೂ ಕಚೇರಿಯ ಬಳಲಿಕೆಯೂ

(ಒನ್-ನಾರ್ತ್‌ನಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಈ ಸಂಜೆ ನಾವು ಸೇರಿರುವ ಪ್ರದೇಶಕ್ಕೆ ಒನ್-ನಾರ್ತ್ ಎಂಬ ಹೆಸರು ಬಂದುದು ಸಿಂಗಪುರವು ಸಮಭಾಜಕ ವೃತ್ತದಿಂದ ಸುಮಾರು ಒಂದು ಡಿಗ್ರಿ ಉತ್ತರಕ್ಕಿರುವುದರಿಂದ. ಏರುತಗ್ಗಿನ ಈ 200 ಹೆಕ್ಟೇರುಗಳ ನೆಲದಲ್ಲಿ 2003ರಲ್ಲಿ ಬಯೋಪೊಲಿಸ್ ತೆರೆಯಿತು, 2008ರಲ್ಲಿ ಫ್ಯೂಷನೊಪೊಲಿಸ್. ಮೊದಲನೆಯದು ಜೀವವಿಜ್ಞಾನದವರ ಕೇರಿ, ಎರಡನೆಯದು ಗಣಕ ಮತ್ತು ಯಂತ್ರವಿದ್ಯೆಯವರದು. ನಾವು ಇಂದು ಎತ್ತಿಕೊಂಡಿರುವ ವಿಷಯ ಈ ಎರಡು ಕೇರಿಗಳಿಗೂ ಸೇರಿದ್ದು. ಇಲ್ಲಿ ಕುಳಿತಿರುವ ಬಹಳ ಮಂದಿಯ ದಿನಚರಿಗೂ ಸೇರಿದ್ದು.

ಕಚೇರಿಯಲ್ಲಿ ದುಡಿಯುವ ಮನುಷ್ಯನು ಒಳಗೊಳಗೇ ಬತ್ತಿಹೋಗುತ್ತಿರುವುದನ್ನು ಅವನ ಕೈಗಡಿಯಾರವೋ ಉಂಗುರವೋ ಮುಂಚಿತವಾಗಿ ಕಂಡುಹಿಡಿಯಬಲ್ಲುದೇ? ಕಂಡುಹಿಡಿದರೆ ಅದನ್ನು ಯಾರಿಗೆ ಹೇಳಬೇಕು? ವಿಜ್ಞಾನಿಗಳಿಗೆ ಮೊದಲನೆಯ ಪ್ರಶ್ನೆ ಪ್ರಿಯ. ನಮಗೆ ಎರಡನೆಯದು ಹೆಚ್ಚು ಮುಖ್ಯವೆನಿಸುತ್ತದೆ. ಆದರೆ ಮೊದಲನೆಯದನ್ನು ದಾಟದೆ ಅಲ್ಲಿಗೆ ಹೋಗಲಾಗದು.

ಬರ್ನ್‌ಔಟ್ ಎಂಬ ಪದವನ್ನು 1974ರಲ್ಲಿ ಮನೋವಿಜ್ಞಾನದ ಬಳಕೆಗೆ ತಂದವರು ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಉಚಿತ ಚಿಕಿತ್ಸಾಲಯಗಳಲ್ಲಿ ಸೇವೆಗೆಂದು ಉತ್ಸಾಹದಿಂದ ಬಂದವರೇ ಕೆಲಕಾಲದಲ್ಲಿ ನಿಸ್ತೇಜರಾಗುವುದನ್ನು ಅವರು ಕಂಡಿದ್ದರು. 1981ರಲ್ಲಿ ಕ್ರಿಸ್ಟೀನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ ಅವರು ಇದನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ ಮೂರು ಮುಖಗಳು: ಪೂರ್ಣ ಬಳಲಿಕೆ, ಕೆಲಸದ ಬಗೆಗೂ ಜನರ ಬಗೆಗೂ ಹುಟ್ಟುವ ತಾತ್ಸಾರ, ತನ್ನಿಂದ ಏನೂ ಸಾಧಿಸಲಾಗದೆಂಬ ಭಾವ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ತನ್ನ ಪಟ್ಟಿಗೆ ಸೇರಿಸುವಾಗ ಬಹಳ ಎಚ್ಚರ ವಹಿಸಿತು. ಇದು ರೋಗವಲ್ಲ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಔದ್ಯೋಗಿಕ ಸ್ಥಿತಿ ಎಂದಿತು. ಈ ಮಾತನ್ನು ತಾವು ನೆನಪಿನಲ್ಲಿಡಬೇಕೆಂದು ವಿನಂತಿ.

ನಮ್ಮ ಭಾಷೆಯಲ್ಲಿ ಇದಕ್ಕೆ ನೆಲೆನಿಂತ ಪಾರಿಭಾಷಿಕ ಪದವಿಲ್ಲ. ಪದವಿಲ್ಲದಿದ್ದರೂ ಮಾತುಂಟು. ರಾತ್ರಿ ಮನೆಗೆ ಬಂದವರು ಚೀಲ ಇಳಿಸಿ ‘ಸಾಕಾಗಿಹೋಗಿದೆ’ ಎನ್ನುತ್ತಾರೆ. ಅದರಲ್ಲಿ ದಣಿವೂ ಇದೆ, ‘ಇನ್ನು ಬೇಡ’ ಎಂಬ ಜಿಗುಪ್ಸೆಯೂ ಇದೆ. ದಣಿವು ಒಂದು ರಾತ್ರಿಯ ನಿದ್ದೆಯಿಂದ ಇಳಿಯುತ್ತದೆ. ಸಾಕಾದುದು ಇಳಿಯುವುದಿಲ್ಲ. ಈ ಎರಡನ್ನೂ ಒಂದೇ ಮಾತಿನಲ್ಲಿ ಹಿಡಿದ ನಮ್ಮ ಮನೆಮಾತು ಪ್ರಶ್ನಾವಳಿಗಿಂತ ಬಹಳ ಹಳೆಯದು.

ಈಗ ಯಂತ್ರದ ವಿಚಾರ. ಗಡಿಯಾರದ ತಳದಲ್ಲಿ ಮಿನುಗುವ ಹಸಿರು ದೀಪವನ್ನು ತಾವು ನೋಡಿರುತ್ತೀರಿ. ಪ್ರತಿ ಬಡಿತಕ್ಕೂ ಚರ್ಮದಡಿಯ ರಕ್ತದ ಪ್ರಮಾಣ ಏರಿಳಿಯುತ್ತದೆ. ರಕ್ತವು ಹಸಿರು ಬೆಳಕನ್ನು ಹೀರುತ್ತದೆ. ಮರಳಿದ ಬೆಳಕಿನ ಏರಿಳಿತದಿಂದ ನಾಡಿಯನ್ನು ಎಣಿಸುತ್ತಾರೆ. ಆದರೆ ಎಣಿಕೆಗಿಂತ ಮುಖ್ಯವಾದುದು ಎರಡು ಬಡಿತಗಳ ನಡುವಣ ಅಂತರ. ನಿಮಿಷಕ್ಕೆ 60 ಬಡಿತವೆಂದರೆ ಸೆಕೆಂಡಿಗೊಂದು ಬಡಿತವೆಂದು ತಿಳಿಯಬಾರದು. ಉಸಿರೆಳೆದಾಗ ಅಂತರ ಕಿರಿದಾಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ದೇಹ ವಿಶ್ರಾಂತಿಯಲ್ಲಿರುವಾಗ ವೇಗಸ್ ಎಂಬ ನರವು ಹೃದಯದ ಲಗಾಮನ್ನು ಸಡಿಲ-ಬಿಗಿ ಮಾಡುತ್ತಿರುವುದರಿಂದ ಈ ಏರಿಳಿತ ಹೆಚ್ಚು. ಒತ್ತಡದಲ್ಲಿ ಅದು ಕುಗ್ಗಿ, ಹೃದಯವು ಗಡಿಯಾರದಂತೆ ಏಕತಾನವಾಗಿ ಬಡಿಯತೊಡಗುತ್ತದೆ. ಹೃದಯದ ಮಟ್ಟಿಗೆ ಅತಿಯಾದ ಶಿಸ್ತು ಒಳ್ಳೆಯ ಲಕ್ಷಣವಲ್ಲ. ಇದರೊಂದಿಗೆ ಬೆವರಿನಿಂದ ಬದಲಾಗುವ ಚರ್ಮದ ವಿದ್ಯುತ್ ವಾಹಕತೆ, ಚರ್ಮದ ಉಷ್ಣತೆ, ಕೈಯ ಚಲನೆ, ನಿದ್ದೆಯ ವೇಳೆ, ಇಷ್ಟನ್ನು ಸೇರಿಸಿ ಗಣಕಕ್ಕೆ ಒಪ್ಪಿಸುತ್ತಾರೆ.

ಫಲವೇನು? ಈ ಕ್ಷೇತ್ರದಲ್ಲಿ ಬಹಳವಾಗಿ ಬಳಸಲ್ಪಟ್ಟ ಒಂದು ದತ್ತಾಂಶ 2018ರಲ್ಲಿ ಜರ್ಮನಿಯಿಂದ ಬಂದಿತು. ಅದರ ಹೆಸರು ವೆಸಾಡ್. 15 ಮಂದಿಗೆ ಎದೆಯ ಮೇಲೂ ಮಣಿಕಟ್ಟಿನ ಮೇಲೂ ಸಂವೇದಕಗಳನ್ನು ತೊಡಿಸಿ, ಅಪರಿಚಿತರ ಮುಂದೆ ಭಾಷಣ ಮಾಡಿಸಿದರು, 2023ರಿಂದ ಹದಿನೇಳು ಹದಿನೇಳಾಗಿ ಕಳೆಯುತ್ತ ಬಾಯಿಲೆಕ್ಕ ಹೇಳಿಸಿದರು, ತಪ್ಪಿದರೆ ಮೊದಲಿನಿಂದ. ಒತ್ತಡ ಇದೆಯೋ ಇಲ್ಲವೋ ಎಂಬುದನ್ನು ಗಣಕವು ನೂರಕ್ಕೆ 93ರವರೆಗೆ ಸರಿಯಾಗಿ ಹೇಳಿತು. ಇಂಥ ಅಂಕಿಗಳನ್ನು ಕಂಡೇ ಉಪಕರಣ ಮಾರುವವರು ಉತ್ಸಾಹಗೊಳ್ಳುತ್ತಾರೆ. ಆದರೆ ಅಲ್ಲಿ ಅಳೆದುದು ಕೆಲವು ನಿಮಿಷಗಳ ಒತ್ತಡವನ್ನು. ಬರ್ನ್‌ಔಟ್ ತಿಂಗಳುಗಳ, ವರ್ಷಗಳ ಸಂಗತಿ. ಬಾಯಿಲೆಕ್ಕದಿಂದ ಬೆವರಿದವನು ಚಹಾ ಕುಡಿದರೆ ಸರಿಹೋಗುತ್ತಾನೆ. ಕೆಲಸದಿಂದ ಬತ್ತಿಹೋದವನು ಸಭೆಯಲ್ಲಿ ಬೆವರದೆಯೇ ಕುಳಿತಿರಬಹುದು. ಅವನಿಗೆ ಈಗ ಯಾವುದೂ ಮುಖ್ಯವಲ್ಲ.

ಇನ್ನು ತೊಡಕುಗಳು. ಕಾಫಿ, ಮದ್ಯ, ಜ್ವರ, ತಡರಾತ್ರಿಯ ಊಟ, ಋತುಚಕ್ರ, ವಯಸ್ಸು ಇವೆಲ್ಲವೂ ಆ ಏರಿಳಿತವನ್ನು ಬದಲಿಸುತ್ತವೆ. ನಮ್ಮಂಥ ಕಂದುಬಣ್ಣದವರ ಚರ್ಮವು ಹಸಿರು ಬೆಳಕನ್ನು ಹೆಚ್ಚು ಹೀರುವುದರಿಂದ ಮರಳುವ ಸಂಕೇತ ಕ್ಷೀಣವಾಗುತ್ತದೆ. ಕೈ ಆಡಿಸಿದರೆ ಅದೂ ಕಲಕುತ್ತದೆ. ಆದುದರಿಂದ ಒಬ್ಬರ ಅಂಕಿಯನ್ನು ಇನ್ನೊಬ್ಬರದಕ್ಕೆ ಹೋಲಿಸುವುದು ವ್ಯರ್ಥ. ಅದೇ ವ್ಯಕ್ತಿಯ ಹಿಂದಿನ ತಿಂಗಳುಗಳಿಗೆ ಹೋಲಿಸುವುದು ಸಾರ್ಥಕ.

ಅಂಥ ಹೋಲಿಕೆಯಲ್ಲಿ ಯಂತ್ರ ನಿಜಕ್ಕೂ ಉಪಯುಕ್ತ. ನಮ್ಮಲ್ಲಿ ಅನೇಕರ ತಂಡದ ಅರ್ಧ ಭಾಗ ಬೆಂಗಳೂರಿನಲ್ಲಿದೆ, ಮೇಲಧಿಕಾರಿ ಕ್ಯಾಲಿಫೋರ್ನಿಯದಲ್ಲಿದ್ದಾರೆ. ಬೆಂಗಳೂರಿನವರು ಸಂಜೆ ಆರೂವರೆಗೆ ಕೆಲಸ ಮುಗಿಸುವಾಗ ಇಲ್ಲಿ ರಾತ್ರಿ ಒಂಬತ್ತು. ಬೇಸಗೆಯಲ್ಲಿ ಕ್ಯಾಲಿಫೋರ್ನಿಯದವರು ಬೆಳಗಿನ ಒಂಬತ್ತಕ್ಕೆ ಸಭೆ ಕರೆದರೆ ಇಲ್ಲಿ ನಡುರಾತ್ರಿ. ಮೂರು ತಿಂಗಳ ನಿದ್ದೆಯ ನಕ್ಷೆಯನ್ನು ಕಚೇರಿಯ ದಿನಚರಿಯ ಪಕ್ಕದಲ್ಲಿಟ್ಟು ನೋಡಿದರೆ ಯಾವ ವಾರದಿಂದ ವಿಶ್ರಾಂತಿ ಕುಸಿಯಿತೆಂಬುದು ಕಾಣುತ್ತದೆ. ಆಗ ದೋಷ ಹೃದಯದಲ್ಲಿಲ್ಲ, ಮಂಗಳವಾರದ ಆ ಸಭೆಯಲ್ಲಿದೆ ಎಂಬುದೂ ಕಾಣುತ್ತದೆ. ಕೆಲವೊಮ್ಮೆ ಇಷ್ಟಕ್ಕೆ ಸಂವೇದಕವೇ ಬೇಕಿಲ್ಲ. 2024ರ ಜುಲೈಯಲ್ಲಿ ಕರ್ನಾಟಕದಲ್ಲಿ ಐ.ಟಿ. ನೌಕರರ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ಹಿಗ್ಗಿಸುವ ಪ್ರಸ್ತಾವ ಬಂದು, ನೌಕರರ ಸಂಘಟನೆ ಅದನ್ನು ವಿರೋಧಿಸಿತು. 14 ಗಂಟೆಗಳ ಪರಿಣಾಮವನ್ನು ತಿಳಿಯಲು ಯಾವ ಉಂಗುರವನ್ನು ತೊಡಬೇಕು?

ಈಗ ಎರಡನೆಯ ಪ್ರಶ್ನೆ. ಸಿಂಗಪುರದವರಿಗೆ ಮಣಿಕಟ್ಟಿನ ಉಪಕರಣ ಹೊಸದಲ್ಲ. 2015ರಿಂದ ಇಲ್ಲಿನ ಆರೋಗ್ಯ ಸಂವರ್ಧನ ಮಂಡಳಿಯು ಹೆಜ್ಜೆ ಎಣಿಸುವ ಸ್ಪರ್ಧೆಯನ್ನು ನಡೆಸಿ ಜನರನ್ನು ನಡೆಸಿತು; ನಾವೂ ಬಹುಮಾನದ ಆಸೆಗೆ ನಡೆದೆವು. ಹೆಜ್ಜೆಯನ್ನು ಹಂಚಿಕೊಳ್ಳುವುದರಿಂದ ನಷ್ಟವಿಲ್ಲ. ಆದರೆ ‘ಈ ನೌಕರ ಬತ್ತಿಹೋಗುತ್ತಿದ್ದಾನೆ’ ಎಂಬ ಸೂಚನೆ ಮಾನವ ಸಂಪನ್ಮೂಲ ವಿಭಾಗದ ಪರದೆಯ ಮೇಲೆ ಮೂಡಿದರೆ? ನಮ್ಮಲ್ಲಿ ಬಹುಮಂದಿ ಎಂಪ್ಲಾಯ್‌ಮೆಂಟ್ ಪಾಸಿನ ಮೇಲಿದ್ದೇವೆ. ಆ ಪಾಸು ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋಗಿ ಪಾಸು ರದ್ದಾದ ಮೇಲೆ ಉಳಿಯಲು ಸಾಮಾನ್ಯವಾಗಿ ದೊರೆಯುವುದು 30 ದಿನ. ಮಕ್ಕಳ ಶಾಲೆ, ಮನೆಯ ಬಾಡಿಗೆ, ಊರಿನ ಸಾಲ ಎಲ್ಲವೂ ಆ ದಾರದಲ್ಲಿಯೇ ಪೋಣಿಸಿವೆ. ಹೀಗಿರುವಾಗ ‘ಸ್ವಇಚ್ಛೆಯಿಂದ ತೊಡಿರಿ’ ಎಂದು ಕಚೇರಿ ಉಂಗುರ ಕೊಟ್ಟರೆ ಆ ಇಚ್ಛೆ ಎಷ್ಟು ಸ್ವಂತದ್ದು?

ಮಾಹಿತಿ ತಾನು ಹುಟ್ಟಿದ ಉದ್ದೇಶದಲ್ಲಿಯೇ ನಿಲ್ಲುತ್ತದೆಂಬ ಭರವಸೆಯೂ ಇಲ್ಲ. ಕೋವಿಡ್ ಕಾಲದಲ್ಲಿ ನಾವೆಲ್ಲ ಕೊರಳಿಗೆ, ಚೀಲಕ್ಕೆ ತೂಗಿಕೊಂಡ ಟ್ರೇಸ್‌ಟುಗೆದರ್ ಬಿಲ್ಲೆಯನ್ನು ನೆನೆಯಿರಿ. ಸೋಂಕಿತರ ಸಂಪರ್ಕ ಪತ್ತೆಗೆಂದು ಬಂದ ಅದರ ಮಾಹಿತಿಯನ್ನು ಅಪರಾಧ ತನಿಖೆಗೂ ಪೊಲೀಸರು ಪಡೆಯಬಹುದೆಂಬುದು 2021ರ ಜನವರಿಯಲ್ಲಿ ಸಂಸತ್ತಿನಲ್ಲಿ ತಿಳಿದುಬಂತು. ಜನರು ಅಸಮಾಧಾನಗೊಂಡ ಮೇಲೆ, ಫೆಬ್ರುವರಿಯಲ್ಲಿ ಅದನ್ನು ಏಳು ಬಗೆಯ ಗಂಭೀರ ಅಪರಾಧಗಳಿಗೆ ಸೀಮಿತಗೊಳಿಸುವ ಕಾನೂನು ಬಂದಿತು.

ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆಯ ಕಾನೂನು 2025ರ ಫೆಬ್ರುವರಿಯಿಂದ ಕೆಲಸದ ಸ್ಥಳದಲ್ಲಿ ನೌಕರರ ಭಾವನೆಗಳನ್ನು ಊಹಿಸುವ ವ್ಯವಸ್ಥೆಗಳನ್ನು ನಿಷೇಧಿಸಿದೆ; ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ವಿನಾಯಿತಿ ಉಂಟು. ಅದರ ಪೀಠಿಕೆಯಲ್ಲಿ ನೋವು, ದಣಿವು ಮುಂತಾದ ದೈಹಿಕ ಸ್ಥಿತಿಗಳು ಭಾವನೆಗಳಲ್ಲವೆಂದು ಹೇಳಿದೆ. ವಿಮಾನ ಚಾಲಕನ ದಣಿವನ್ನು ಅಳೆಯಬಹುದು. ಹಾಗಾದರೆ ಬರ್ನ್‌ಔಟ್ ಎಲ್ಲಿ ನಿಲ್ಲುತ್ತದೆ? ಅರ್ಧ ದಣಿವು, ಅರ್ಧ ಜಿಗುಪ್ಸೆ. ನಮ್ಮ ‘ಸಾಕಾಗಿಹೋಗಿದೆ’ ಆ ಕಾನೂನಿನ ಬೇಲಿಯ ಮೇಲೆಯೇ ಕುಳಿತಿದೆ. ದಣಿವನ್ನಷ್ಟೇ ಅಳೆಯುತ್ತೇವೆಂದು ಹೇಳಿ ಜಿಗುಪ್ಸೆಯನ್ನೂ ಓದಿಕೊಳ್ಳುವ ದಾರಿ ತೆರೆದಿದೆ. ಆ ದಾರಿಯನ್ನು ಮುಚ್ಚಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಕಚೇರಿಗಳು ಕಣ್ಣುಮುಚ್ಚಿ ಕುಳಿತಿರಲಿ ಎಂದು ಇದರ ಅರ್ಥವಲ್ಲ. 2021ರಲ್ಲಿ ಸಿಂಗಪುರದಲ್ಲಿ ಐವರ್ಕ್‌ಹೆಲ್ತ್ ಎಂಬ ಉಚಿತ ಪ್ರಶ್ನಾವಳಿ ಬಂದಿತು. ನೌಕರನಿಗೆ ತನ್ನ ವರದಿ ಸಿಗುತ್ತದೆ, ಸಂಸ್ಥೆಗೆ ಒಟ್ಟು ಚಿತ್ರ ಮಾತ್ರ. ಕೆಲಸದ ಹೊರೆ ಎಲ್ಲಿ ಹೆಚ್ಚು, ಮೇಲಧಿಕಾರಿಯ ಬೆಂಬಲ ಎಲ್ಲಿ ಕಡಿಮೆ ಎಂಬುದನ್ನು ಅದು ಕೇಳುತ್ತದೆ, ಎಂದರೆ ಕೆಲಸವನ್ನೇ ಪರೀಕ್ಷಿಸುತ್ತದೆ. ಸಂವೇದಕವೂ ಈ ಕ್ರಮಕ್ಕೆ ಒಪ್ಪಿದರೆ ಬರಲಿ: ಅಂಕಿಯ ಒಡೆತನ ತೊಟ್ಟವನದು, ಸಂಸ್ಥೆಗೆ ಹೆಸರಿಲ್ಲದ ಮೊತ್ತ ಮಾತ್ರ, ಐದಾರು ಜನರ ಸಣ್ಣ ತಂಡವಾದರೆ ಅದೂ ಇಲ್ಲ, ಏಕೆಂದರೆ ಅಷ್ಟರಲ್ಲಿ ಯಾರೆಂದು ಊಹಿಸುವುದು ಸುಲಭ.

ಉಂಗುರವನ್ನು ತಾವೇ ಕೊಂಡು ತೊಟ್ಟಿರುವವರಿಗೆ ಒಂದು ಮಾತು. ಅದರ ಅಂಕಿ ಚೆನ್ನಾಗಿದೆಯೆಂದು ತಮ್ಮ ಮನಸ್ಸಿನ ಮಾತನ್ನು ತಳ್ಳಿಹಾಕಬೇಡಿ. ವಾರಗಟ್ಟಲೆ ನಿದ್ದೆಯಿಂದಲೂ ಆಯಾಸ ಇಳಿಯದಿದ್ದರೆ ವೈದ್ಯರನ್ನು ಕಾಣಿರಿ. ಇಲ್ಲಿ 2025ರಿಂದ 1771 ಎಂಬ ರಾಷ್ಟ್ರೀಯ ಸಹಾಯವಾಣಿ ಹಗಲೂ ರಾತ್ರಿಯೂ ದೊರೆಯುತ್ತದೆ. ಊರಿನಲ್ಲಿರುವ ತಮ್ಮ-ತಂಗಿಯರಿಗೆ 14416 ಸಂಖ್ಯೆಯನ್ನು ತಿಳಿಸಿರಿ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ‘ಸಾಕಾಗಿಹೋಗಿದೆ’ ಎಂದರೆ ಅವರಿಗೆ ಅರ್ಥವಾಗುತ್ತದೆ.

ಇನ್ನು ತಮ್ಮ ಪ್ರಶ್ನೆಗಳಿಗೆ ಅವಕಾಶವಿರಲಿ.